ಈ ಮನೆ ಖಾಲಿ ಇಲ್ಲ

ನನ್ನ ಮನೆ, ಮೂರನೇ ಮಹಡಿ
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಬೆಳಿಗ್ಗೆ ಎದ್ದು ಕಾಲು ಊರುವಾಗ ಚಳಕ್ ಅನ್ನುತ್ತೆ ಅಂತಿದ್ದೆಯಲ್ಲ, ಆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು "ಹಚ್ಕೊಂಡಾಯ್ತು" ಅಂತ ಎಲ್ಲರಿಗೂ ಟೋಪಿ ಹಾಕುತ್ತಿದ್ದೀಯೋ? ನಿದ್ದೆ ಬರುತ್ತಿದೆಯಾ? ನಾನು ಚೆನ್ನಾಗಿದ್ದೇನೆ. ಕಾಲಿನ ಪ್ಲಾಸ್ಟರ್ ಬಿಚ್ಚಿದರು. ಒಳಗಿಂದ ಹೊರಬಂದ ಕಾಲು ನನ್ನದೇ ಅಂತ ನಂಬಲಿಕ್ಕಾಗಲಿಲ್ಲ, ಬಿಸಿಲು ಕಾಣದ ಮೂಲಂಗಿ ಹಾಗಿತ್ತು. ಈಗ ಕೋಲಿಲ್ಲದೆ ಕೆಳಗಿಳಿದು ಹಾಲು ತರುತ್ತೇನೆ.

ಫೋನ್ ಮಾಡಿದಾಗಲೆಲ್ಲ ನೀನು "ಏನೂ ಕೇಳಿಸ್ತಿಲ್ಲ" ಅಂತ ಅತ್ತಿಗೆ ಕೈಗೆ ಕೊಟ್ಟುಬಿಡುತ್ತೀಯ. ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೂ ಕೇಳಿಸುವ ಕಿವಿ ನಿನ್ನದು, ನನಗೆ ಗೊತ್ತಿಲ್ಲವಾ? ಅದಕ್ಕೇ ಪತ್ರ. ನಿನ್ನ ಕಣ್ಣು ಮಂಜಾಗಿರುವುದರಿಂದ ಅತ್ತಿಗೆಯೇ ಓದಿ ಹೇಳಬೇಕು ಅನ್ನುವುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅತ್ತಿಗೆ, ಒಂದೇ ಒಂದು ವಿನಂತಿ. ಖಾರದ ಜಾಗ ಬಂದಾಗ ಹಾರಿಸಬೇಡಿ, ಸಕ್ಕರೆಯನ್ನೂ ಬೆರೆಸಬೇಡಿ. ಅಣ್ಣ ಪೇಪರು ಅಡ್ಡ ಹಿಡಿದುಕೊಂಡು ಕಿವಿ ಇತ್ತ ಇಟ್ಟಿದ್ದರೆ ಅವನಿಗೂ ಹತ್ತಿರದಲ್ಲೇ ಒಂದು ಕುರ್ಚಿ ಹಾಕಿ.

ಅಮ್ಮಾ, ನಾನು ಅಣ್ಣನ ಮನೆಯಿಂದ ಹೊರಟ ದಿನ ನೀನು ಬಾಗಿಲಲ್ಲಿ ನಿಂತು "ಹೋಗೋದಾದ್ರೆ ಹೋಗು, ಮತ್ತೆ ಈ ಹೊಸಿಲು ತುಳೀಬೇಡ" ಅಂದೆ. ಆಟೋದವನು ಹಾರ್ನ್ ಹೊಡೆಯುತ್ತಿದ್ದ, ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೋ.

ನಾನು ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಮನೆಮಂದಿಯೆಲ್ಲ ಒಂದು ದೊಡ್ಡ ಪಾಠದ ಹಾಗೆ ಹೇಳುತ್ತಾ ಬಂದಿರಿ. "ಒಬ್ಬಳೇ ಇದ್ದಳಂತೆ, ಕೂಗಿದರೂ ಯಾರೂ ಇರಲಿಲ್ಲವಂತೆ." ಇದ್ದರು. ಕೆಳಮನೆಯ ಟೈಲರಮ್ಮ ಬಕೆಟ್ಟು ಉರುಳಿದ ಸದ್ದಿಗೇ ಹೊಲಿಗೆ ಬಿಟ್ಟು ಎದ್ದು, ಅವಳ ಹತ್ತಿರ ಇಟ್ಟಿದ್ದ ಬೀಗದ ಕೈ ತಗೊಂಡು ಮೇಲೆ ಬಂದಳು. ಅವಳು ಬರುವತನಕ ನಾನು ಅತ್ತದ್ದು ನಿಜ. "ಅಮ್ಮಾ" ಅಂತಲೇ ಕೂಗಿದ್ದು, ಅದೂ ನಿಜ. ಆದರೆ ಒಂಟಿಯಾಗಿರುವುದರಿಂದ ಹೀಗಾಯಿತು ಅನ್ನುತ್ತೀರಲ್ಲ, ಇಲ್ಲ, ಸೋಪಿನ ನೀರಿಂದ ಹೀಗಾಯಿತು. ಹೋದ ವರ್ಷ ಅಣ್ಣ ಏಳು ಜನರಿರುವ ಮನೆಯಲ್ಲಿ, ಎಲ್ಲರ ಕಣ್ಣೆದುರಿಗೇ ಮೆಟ್ಟಿಲಿಂದ ಉರುಳಿದ. ಆಗ ಯಾರಾದರೂ ಅವನಿಗೆ "ಹೆಂಡತಿ ಮಕ್ಕಳನ್ನ ಬಿಟ್ಟು ಬೇರೆ ಇರು" ಅಂದರಾ?

ಅಣ್ಣ ಬಂದು ಕರೆದುಕೊಂಡು ಹೋದದ್ದಕ್ಕೆ ನನಗೆ ಕೃತಜ್ಞತೆ ಇಲ್ಲ ಅಂದುಕೊಳ್ಳಬೇಡ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುತ್ತಾ ನಿವೃತ್ತನಾದ ಅವನು ನನ್ನ ಮಾತ್ರೆ, ಊಟ, ಸ್ನಾನ, ನಿದ್ದೆಗೆಲ್ಲ ಬಸ್ಸು ಬಿಟ್ಟ ಹಾಗೆ ಹೊತ್ತು ಗೊತ್ತು ಮಾಡಿದ. ಅತ್ತಿಗೆ ತಲೆ ಬಾಚಿದರು. ನೀನು ನಿನ್ನ ಮಂಚ ನನಗೆ ಬಿಟ್ಟುಕೊಟ್ಟು ಪಕ್ಕದ ಮಂಚದಲ್ಲಿ ಮಲಗಿ, ನಾನು ಹೊರಳಿದಾಗಲೆಲ್ಲ "ಏನ್ ಬೇಕು?" ಅನ್ನುತ್ತಿದ್ದೆ. ಐವತ್ತೆರಡು ವರ್ಷದವಳಿಗೆ ಇನ್ನೇನು ಬೇಕು? ಮೊದಲ ವಾರ ನಾನು ಸುಖವಾಗಿದ್ದೆ, ನಿಜವಾಗಿ ಹೇಳುತ್ತೇನೆ.

ಎರಡನೇ ವಾರ ಬರೆಯೋಣ ಅಂದುಕೊಂಡೆ. ಕಾದಂಬರಿ ಅರ್ಧಕ್ಕೆ ನಿಂತಿತ್ತಲ್ಲ, ಗಡಿಯಾರ ರಿಪೇರಿ ಮಾಡುವ ಹೆಂಗಸಿನದ್ದು. ಒಂದು ಸಂಜೆ ಅಣ್ಣ "ಕಣ್ಣು ಮುಚ್ಕೋ" ಅಂದು, ತನ್ನ ಮಗನ ಕೈಲಿ, ಅಂದರೆ ನನ್ನ ಸೋದರಳಿಯನ ಕೈಲಿ ಏನೋ ಹೊರಿಸಿಕೊಂಡು ಬಂದ. ಕಣ್ಣು ಬಿಟ್ಟರೆ ನನ್ನ ಮೇಜು! ಹಾಲಿನಲ್ಲಿ, ಟೀವಿಯ ಪಕ್ಕ, ಎಲ್ಲರೂ ಓಡಾಡುವ ದಾರಿಯಲ್ಲೇ ಇಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಹೇಗೆ ಮುಖ ಗಂಟು ಹಾಕಲಿ? ನಕ್ಕೆ. ಅದರ ಮುಂದೆ ಕೂತೆ. ನೀನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ, "ಏನ್ ಬರೀತಿದ್ದೀಯ, ಸ್ವಲ್ಪ ಜೋರಾಗಿ ಓದು" ಅಂತ.

ಓದಿದೆ. ಅಲ್ಲಿಂದ ಶುರುವಾಯಿತು ನೋಡು. ಆ ಗಡಿಯಾರದವಳು ಯಾಕೆ ಒಬ್ಬಳೇ ಇರಬೇಕು ಅಂತ ಅಣ್ಣನಿಗೆ ತಡೆಯಲಾಗಲಿಲ್ಲ. ಹೆಂಡತಿ ತೀರಿಕೊಂಡ ಒಬ್ಬ ಡಾಕ್ಟರು ಅಂಗಡಿಗೆ ಬರಲಿ ಅಂದ. ಅಳಿಯ ಅವಳಿಗೊಂದು ಲಾಟರಿ ಹೊಡೆಸಿದ. ಅವನ ಹೆಂಡತಿ ಒಂದು ಮಗುವನ್ನು ಸಾಕಲು ಕೊಟ್ಟಳು. ನೀನು ಮಾತ್ರ ಎಲ್ಲವನ್ನೂ ಕೇಳಿ, ಕೊನೆಗೆ ತೀರ್ಪು ಕೊಡುವವಳ ಹಾಗೆ "ಅದೆಲ್ಲ ಬೇಡ, ಅವಳು ಸುಮ್ನೆ ಅಣ್ಣನ ಮನೆಗೆ ಹೋಗಿ ಇರ್ಲಿ" ಅಂದೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ನಾನು ಅದನ್ನೆಲ್ಲ ಬರೆದುಬಿಟ್ಟೆ, ಅಮ್ಮಾ. ಯಾರನ್ನೂ ನೋಯಿಸಬಾರದು ಅಂತ ಡಾಕ್ಟರನ್ನೂ ತಂದೆ, ಮಗುವನ್ನೂ ತಂದೆ, ಅಣ್ಣನ ಮನೆಯ ಬಾಗಿಲನ್ನೂ ತೆಗೆಸಿದೆ. ಸಂಜೆ ಓದಿದಾಗ ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಅಣ್ಣ "ಇದು ನೋಡು ಕಾದಂಬರಿ" ಅಂದ.

ಮಾರನೇ ಬೆಳಿಗ್ಗೆ ನೀವೆಲ್ಲ ತಿಂಡಿಗೆ ಕೂತಾಗ ಅದನ್ನೇ ಮತ್ತೆ ಓದಿದೆ. ಇಡೀ ಅಧ್ಯಾಯದಲ್ಲಿ ಅವಳು ಅಂಗಡಿಯ ಬಾಗಿಲೇ ತೆರೆದಿರಲಿಲ್ಲ. ಒಂದೇ ಒಂದು ಗಡಿಯಾರ ಮುಟ್ಟಿರಲಿಲ್ಲ. ಬಂದವರಿಗೆಲ್ಲ ಚಹಾ ಕೊಟ್ಟು, ಹೂಂ ಹೂಂ ಅಂದು, ಎಲ್ಲರನ್ನೂ ಸಂತೋಷಪಡಿಸಿ ದಿನ ಕಳೆದಿದ್ದಳು. ಅವಳಿಗೊಂದು ಕೆಲಸ ಇತ್ತು ಅನ್ನುವುದೇ ನಮಗ್ಯಾರಿಗೂ ನೆನಪಾಗಿರಲಿಲ್ಲ. ಬರೆಯುವ ನನಗೇ ನೆನಪಾಗಿರಲಿಲ್ಲ! ನನಗೆ ಭಯವಾಯಿತು. ಕಾಲು ಮುರಿದಾಗಲೂ ಅಷ್ಟು ಭಯವಾಗಿರಲಿಲ್ಲ.

ಒಬ್ಬಳೇ ಇದ್ದು ಅದೇನು ಕಡಿದು ಕಟ್ಟೆ ಹಾಕ್ತೀಯ ಅಂತ ನೀನು ಕೇಳುತ್ತಿದ್ದೆಯಲ್ಲ. ಹೇಳುತ್ತೇನೆ ಕೇಳು. ಪಾತ್ರೆ ತೊಳೆಯುತ್ತಾ ಒಂದು ಮಾತನ್ನು ಗಟ್ಟಿಯಾಗಿ ಆಡುತ್ತೇನೆ, ಆಮೇಲೆ ಇನ್ನೊಬ್ಬರಾಗಿ ಅದಕ್ಕೆ ಉತ್ತರ ಕೊಡುತ್ತೇನೆ. ಸರಿ ಬರದಿದ್ದರೆ ಮತ್ತೆ ಆಡುತ್ತೇನೆ. ಟೈಲರಮ್ಮ ಮೊದಮೊದಲು "ನಿಮ್ಮನೆಗೆ ದಿನಾ ನೆಂಟರು ಬರ್ತಾರಲ್ಲ, ಕೆಳಗಿಳಿಯೋದೇ ಕಾಣಲ್ಲ?" ಅಂತ ಕೇಳುತ್ತಿದ್ದಳು. ಮಧ್ಯಾಹ್ನ ಕಿಟಕಿ ಹತ್ತಿರ ಕೂತು ಬ್ರೆಡ್ಡು ತಿನ್ನುತ್ತಾ ಏನೂ ಮಾಡದೆ ಇರುತ್ತೇನೆ. ನಿಜವಾಗಿ ಏನೂ ಮಾಡದೆ. ನಿನ್ನ ಮನೆಯಲ್ಲಿ ಹಾಗೆ ಕೂತರೆ ಯಾರಾದರೂ ಬಂದು ಹಣೆ ಮುಟ್ಟಿ ನೋಡುತ್ತಾರೆ. ಆ ಏನೂ ಮಾಡದ ಹೊತ್ತಿನಲ್ಲೇ ಗಡಿಯಾರದವಳು ನನಗೆ ಮೊದಲು ಕಂಡದ್ದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಒಂದು ಸಣ್ಣ ತಿರುಪುಮೊಳೆ ಕೂರಿಸುತ್ತಿದ್ದಳು. ನಿಮ್ಮ ಪುಸ್ತಕಗಳಲ್ಲಿ ಕೈಗಳ ಬಗ್ಗೆ ಅಷ್ಟೊಂದು ಯಾಕೆ ಬರೆಯುತ್ತೀರಿ ಅಂತ ಓದುಗರು ಕೇಳುತ್ತಾರೆ. ಮನೆಯಲ್ಲಿ ಕಣ್ಣೆದುರು ಓಡಾಡುವುದು ನನ್ನ ಎರಡು ಕೈ ಮಾತ್ರ, ಇನ್ಯಾರ ಕೈ ನೋಡಲಿ?

ನನ್ನ ಮೂರನೇ ಪುಸ್ತಕದಲ್ಲಿ ಗಂಡ ಹೆಂಡತಿಯ ಜಗಳವಿದೆ ನೋಡು, ಅದರಲ್ಲಿ ಹೆಂಡತಿ ಮಾತ್ರ ಮಾತಾಡುತ್ತಾಳೆ, ಗಂಡನದು ಒಂದು ಮಾತೂ ಇಲ್ಲ. ಅದನ್ನು ದೊಡ್ಡ ತಂತ್ರ ಅಂತ ವಿಮರ್ಶಕರು ಹೊಗಳಿದರು. ಗಂಡಿನ ಮೌನದ ಕ್ರೌರ್ಯವಂತೆ! ನಿಜ ಏನೆಂದರೆ ಪಕ್ಕದ ಮನೆಯ ಜಗಳ ನನಗೆ ಗೋಡೆಯಿಂದ ಕೇಳಿಸುತ್ತಿತ್ತು. ಆತನದು ಮೆಲುದನಿ, ಪಾಪ. ಏನನ್ನುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೂರನೇ ಮಹಡಿಯ ಒಂದು ಗೋಡೆ ನನಗೆ ಸಂಸಾರ ಕಲಿಸಿತು, ಅರ್ಧವನ್ನೇ ಕಲಿಸಿತು. ಆ ಅರ್ಧವನ್ನು ನಾನು ಅರ್ಧ ಅಂತಲೇ ಬರೆದೆ, ಉಳಿದದ್ದನ್ನು ಓದುವವರು ತಮ್ಮ ಮನೆಯಿಂದ ತುಂಬಿಕೊಂಡರು.

ಈ ವಿಷಯದಲ್ಲಿ ನನ್ನನ್ನು ಸರಿಯಾಗಿ ಹಿಡಿದವರು ಅತ್ತಿಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಾಲ ಕಳೆದ ಕಿವಿಯಲ್ಲವೇ. ಒಂದು ದಿನ ಬಟ್ಟೆ ಮಡಚುತ್ತಾ "ನಿಮ್ಮ ಕಾದಂಬರೀಲಿ ಯಾರೂ ಯಾರ ಮಾತನ್ನೂ ಕಡಿಯಲ್ಲ, ಗಮನಿಸಿದ್ದೀರಾ?" ಅಂದರು. ನಾನು "ಅಂದ್ರೆ?" ಅನ್ನುವಷ್ಟರಲ್ಲಿ ಒಳಗಿಂದ ಅಣ್ಣ ಟವಲ್ಲು ಎಲ್ಲಿ ಅಂತ ಕೂಗಿದ, ಅಳಿಯ ಟೀವಿ ಜೋರು ಮಾಡಿದ, ನೀನು ಯಾರೋ ಬಾಗಿಲು ಬಡೀತಿದಾರೆ ನೋಡಿ ಅಂದೆ. ಅತ್ತಿಗೆ ಕೈಯಾಡಿಸಿ "ಇದನ್ನೇ ಹೇಳಿದ್ದು" ಅಂದು ನಕ್ಕರು. ಎರಡು ದಿನ ತಲೆ ಕೆಡಿಸಿಕೊಂಡೆ. ನನ್ನ ಮಾತು ಕಡಿಯುವವರು ಇಲ್ಲಿ ಯಾರೂ ಇಲ್ಲವಾದ್ದರಿಂದ ನನ್ನ ಜನರೂ ತಮ್ಮ ತಮ್ಮ ಮಾತನ್ನು ಪೂರ್ತಿ ಆಡಿ ಮುಗಿಸುತ್ತಾರೆ. ಲೋಕದಲ್ಲಿ ಹಾಗಿಲ್ಲ, ಒಪ್ಪಿದೆ. ಆದರೆ ಬದಲಾಯಿಸುವುದಿಲ್ಲ, ಅತ್ತಿಗೆ. ಲೋಕದಲ್ಲಿ ಒಂದು ಕಡೆಯಾದರೂ ಹೆಂಗಸರು ಶುರು ಮಾಡಿದ ಮಾತನ್ನು ಮುಗಿಸಲಿ.

ಒಂಟಿತನ ಕಚ್ಚುವುದೇ ಇಲ್ಲ ಅಂತ ಬಡಾಯಿ ಕೊಚ್ಚುವುದಿಲ್ಲ. ಜ್ವರ ಬಂದು ನೀರಿನ ಲೋಟ ದೂರದಲ್ಲಿದ್ದಾಗ ಕಚ್ಚುತ್ತದೆ. ಒಂದು ಪುಟ ಚೆನ್ನಾಗಿ ಬಂದು, ಯಾರಿಗಾದರೂ ಈಗಿಂದೀಗ ಓದಿ ಹೇಳಬೇಕು ಅನ್ನಿಸಿದಾಗ ಇನ್ನೂ ಜೋರಾಗಿ ಕಚ್ಚುತ್ತದೆ. ಆಗ ಎದ್ದು ಕಿಟಕಿಗೆ ಹೋಗಿ ಬೀದಿ ನೋಡುತ್ತೇನೆ, ಬಸ್ಸಿಗೆ ಕಾಯುವವರನ್ನು ನೋಡುತ್ತೇನೆ, ವಾಪಸ್ ಬಂದು ಆ ಕಡಿತವನ್ನೇ ಗಡಿಯಾರದವಳಿಗೆ ಕೊಡುತ್ತೇನೆ. ಅದು ಬೇರೆ ಎಲ್ಲಿಂದಲೂ ಸಿಗುವ ಮಾಲಲ್ಲ. ನೀವು ನನ್ನಿಂದ ಅದನ್ನು ಪ್ರೀತಿಯಿಂದ ಕಿತ್ತುಕೊಂಡರೆ ನಾನು ಏನಿಟ್ಟುಕೊಂಡು ಬರೆಯಲಿ?

ಇಷ್ಟೆಲ್ಲ ಆದರೂ ಜಗಳವಾಡಿಕೊಂಡು ಹೊರಡುವ ಮನಸ್ಸು ನನಗಿರಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಒಳ್ಳೆ ಮಾತಲ್ಲಿ ಹೇಳಿ ಹೋಗೋಣ ಅಂದುಕೊಂಡಿದ್ದೆ. ಆ ಬುಧವಾರ ನನ್ನ ಮನೆ ಮಾಲೀಕರು ಫೋನ್ ಮಾಡಿ "ಬೀಗದ ಕೈ ಯಾರ ಹತ್ರ ಕೊಡ್ತೀರಮ್ಮ? ನಾಳೆ ಹೊಸಬರು ಮನೆ ನೋಡೋಕೆ ಬರ್ತಾರೆ" ಅಂದಾಗ ತಲೆ ಗಿರ್ ಅಂತು. ಅಣ್ಣ ನನಗೆ ಒಂದು ಮಾತೂ ಹೇಳದೆ ಮನೆ ಬಿಡುತ್ತೇವೆ ಅಂತ ತಿಳಿಸಿಬಿಟ್ಟಿದ್ದ. ಮೇಜು ತಂದ ದಿನವೇ ಕಪಾಟನ್ನೂ ಪುಸ್ತಕಗಳನ್ನೂ ಲಾರಿಗೆ ಹಾಕಿಸಿ ಯಾರದೋ ಗೋದಾಮಿನಲ್ಲಿ ಇರಿಸಿದ್ದ.

"ನಿನಗೋಸ್ಕರ ತಾನೇ ಮಾಡಿದ್ದು" ಅಂದ. ಅವನು ಸುಳ್ಳಾಡಲಿಲ್ಲ, ಅದು ನನಗೆ ಗೊತ್ತು. ಚಿಕ್ಕಂದಿನಲ್ಲಿ ನನ್ನ ಚೀಲ ಹೊತ್ತವನು ಅವನು. ಆದರೆ ಚೀಲ ಹೊರುವುದು ಬೇರೆ, ಚೀಲದೊಳಗೆ ಏನಿರಬೇಕು ಅಂತ ಅವನೇ ತೀರ್ಮಾನಿಸುವುದು ಬೇರೆ. "ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲಣ್ಣ" ಅಂದೆ. "ಕೇಳಿದ್ರೆ ನೀನು ಒಪ್ತಿರಲಿಲ್ಲ" ಅಂದ. ಅದೇ ಅಲ್ಲವಾ ಉತ್ತರ! ನಾನು ಒಪ್ಪುವುದಿಲ್ಲ ಅಂತ ಗೊತ್ತಿದ್ದೇ ಕೇಳಲಿಲ್ಲ. ಆಟೋ ಕರೆಸಿದೆ. ಅತ್ತಿಗೆ ನನ್ನ ಬಟ್ಟೆ ಮಡಚಿ ಸೂಟ್‌ಕೇಸಿಗೆ ಹಾಕಿಕೊಟ್ಟರು. ಅಳಿಯ ಮೊದಲ ಸಲ ಟೀವಿ ಆರಿಸಿದ. ನೀನು ಹೊಸಿಲಿನ ಮಾತಾಡಿದೆ.

ಟೈಲರಮ್ಮ ಮತ್ತು ಅವಳ ಗಂಡ ನನ್ನನ್ನು ಕುರ್ಚಿ ಸಮೇತ ಮೇಲಕ್ಕೆ ಹತ್ತಿಸಿದರು. ಮಂಚ, ಒಲೆ, ಎರಡು ಪಾತ್ರೆ ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ. ಮಾತಾಡಿದರೆ ಪ್ರತಿಧ್ವನಿ. ಮಾರನೇ ಬೆಳಿಗ್ಗೆ ಮಾಲೀಕರು ಒಂದು ಗಂಡ ಹೆಂಡತಿಯನ್ನು ಕರೆದುಕೊಂಡು ಬಂದು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಸೂಟ್‌ಕೇಸಿನ ಮೇಲೆ ಕೂತು, ಮುರಿದ ಕಾಲನ್ನು ಬಕೆಟ್ಟಿನ ಮೇಲೆ ಇಟ್ಟುಕೊಂಡಿದ್ದೆ.

"ಅಯ್ಯೋ, ನೀವಿದ್ದೀರಾ? ನಿಮ್ಮಣ್ಣ ಖಾಲಿ ಮಾಡ್ತೀವಿ ಅಂದ್ರಲ್ಲ?"

"ಅಣ್ಣ ಅಂದ್ರು. ನಾನು ಅಂದ್ನಾ?"

"ಮನೆಯವರೇ ಹೇಳಿದ ಮೇಲೆ..."

"ಕರಾರಿನ ಮೇಲೆ ಸಹಿ ಯಾರದು?"

"ನಿಮ್ಮದೇ."

"ಹಾಗಾದ್ರೆ ಬಿಡೋ ಮಾತೂ ನನ್ನ ಬಾಯಿಂದಲೇ ಬರಬೇಕು. ಈ ಮನೆ ಖಾಲಿ ಇಲ್ಲ."

ಮಾಲೀಕರು ಕೆಟ್ಟವರಲ್ಲ. ಕಾರು ಕಲಿಸುವ ಶಾಲೆ ನಡೆಸಿದವರು, ಎದುರಿಗೆ ಬರುವುದನ್ನೆಲ್ಲ ಅಪಘಾತ ಅಂತಲೇ ನೋಡುತ್ತಾರೆ. "ಅಲ್ಲಮ್ಮ, ಒಬ್ರೇ ಇರ್ತೀರಿ, ಮತ್ತೆ ಬಿದ್ರೆ?" ಅಂದರು. "ಮತ್ತೆ ಏಳ್ತೀನಿ" ಅಂದೆ. ಬಂದಿದ್ದ ಆ ಹುಡುಗಿ ಅಷ್ಟು ಹೊತ್ತೂ ಖಾಲಿ ಕೋಣೆಗಳನ್ನು ನೋಡುತ್ತಾ ನಿಂತಿದ್ದಳು. ಗಂಡ ಮೆಟ್ಟಿಲಿಳಿದ ಮೇಲೆ ನನ್ನ ಹತ್ತಿರ ಬಗ್ಗಿ "ಇಷ್ಟೂ ಜಾಗ ನಿಮಗೊಬ್ಬರಿಗೇನಾ?" ಅಂತ ಕೇಳಿದಳು. ಅಯ್ಯೋ ಪಾಪ ಅನ್ನುವ ಧ್ವನಿಯಲ್ಲ ಅಮ್ಮಾ, ಅದು ಹೊಟ್ಟೆಕಿಚ್ಚು. ನಾನು ಹೂಂ ಅಂದೆ. ಅವಳು ಇನ್ನೊಮ್ಮೆ ಕಿಟಕಿ ಕಡೆ ನೋಡಿ ಹೋದಳು.

ಮೇಜಿಲ್ಲ ಅಂತ ಕೆಲಸ ನಿಲ್ಲಲಿಲ್ಲ. ಅಡಿಗೆಕಟ್ಟೆಯ ಮೇಲೆ ಕಾಗದ ಹರಡಿ, ಒಂಟಿಕಾಲಲ್ಲಿ ನಿಂತು ಬರೆದೆ. ಮೊದಲು ಆ ಡಾಕ್ಟರನ್ನು ಕಳಿಸಿಕೊಟ್ಟೆ, ಅಣ್ಣನಿಗೆ ಬೇಜಾರಾಗಬಹುದು, ತುಂಬಾ ಸಭ್ಯ ಮನುಷ್ಯ. ಲಾಟರಿ ಹೋಯಿತು. ಮಗುವನ್ನು ಅದರ ತಾಯಿಗೆ ವಾಪಸ್ ಕೊಟ್ಟೆ. ಆಮೇಲೆ ಗಡಿಯಾರದವಳ ಕೈಗೆ ಬೀಗದ ಕೈ ಕೊಟ್ಟು ಸುಮ್ಮನಾದೆ. ಮೂರು ದಿನ ಅವಳು ಅಲ್ಲಾಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ಎತ್ತಿದಳು. ನಾನು ಬರೆಯುತ್ತಾ ಅತ್ತೆ, ಅಳುತ್ತಾ ಬರೆದೆ, ಯಾರೂ ಬಂದು "ಏನಾಯ್ತು" ಅಂತ ಕೇಳಲಿಲ್ಲ. ಎಂಥಾ ಸುಖ ಅದು, ನಿನಗೆ ಹೇಗೆ ಹೇಳಲಿ! ಕಾದಂಬರಿ ಮುಗಿಯಿತು. ಅದರ ಕೊನೆಯಲ್ಲಿ ಅವಳು ಒಬ್ಬಳೇ ಇದ್ದಾಳೆ. ದುಃಖದಲ್ಲಿಲ್ಲ, ಕೆಲಸದಲ್ಲಿದ್ದಾಳೆ. ಪ್ರಕಾಶಕರು ಓದಿ "ಕೊನೆ ಸ್ವಲ್ಪ ಮೃದು ಮಾಡ್ಬಹುದಾ?" ಅಂದರು. ಮಾಡುವುದಿಲ್ಲ ಅಂದೆ. ಸರಿ ಅಂತ ಅಚ್ಚಿಗೆ ಕಳಿಸಿದರು.

ನಿನ್ನ ಸಮಾಧಾನಕ್ಕೆ ಹೇಳುತ್ತೇನೆ, ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದ್ದೇನೆ, ಕೆಳಗೆ ರಬ್ಬರಿನ ಚಾಪೆ ಹಾಸಿದ್ದೇನೆ. ದಿನಾ ಬೆಳಿಗ್ಗೆ ಮೇಲಿನಿಂದ ಬಗ್ಗಿ ಟೈಲರಮ್ಮನನ್ನು ಕೂಗುತ್ತೇನೆ, ನನ್ನ ಕೂಗು ಕೇಳಿಸದಿದ್ದರೆ ಅವಳೇ ಹತ್ತಿ ಬರುತ್ತಾಳೆ. ಅಣ್ಣ ಗೋದಾಮಿನಿಂದ ಪುಸ್ತಕಗಳನ್ನು ಕಳಿಸಿದ. ಜೊತೆಗೆ ಒಂದು ಮಾತೂ ಇರಲಿಲ್ಲ, ಆದರೆ ಪೆಟ್ಟಿಗೆಗಳ ಮೇಲೆ ಯಾವುದು ಮೊದಲು ಬಿಚ್ಚಬೇಕು ಅಂತ ಅವನ ಕೈಯಲ್ಲೇ ನಂಬರು ಬರೆದಿತ್ತು. ಅದು ಅವನ ರಾಜಿ. ಸಿಕ್ಕಿತು ಅಂತ ಅವನಿಗೆ ಹೇಳಿ, ಅತ್ತಿಗೆ.

ಈಗ ನಿನ್ನ ಕಣ್ಣು. ಪೊರೆ ಪೂರ್ತಿ ಬಲಿತಿದೆ, ತಡ ಮಾಡಬೇಡಿ ಅಂತ ಡಾಕ್ಟರು ಹೇಳಿದರಂತೆ. ನೀನು "ಮಗಳು ವಾಪಸ್ ಬಂದು ಇಲ್ಲೇ ಇರೋವರೆಗೂ ಕಣ್ಣಿಗೆ ಕೈ ಹಾಕಿಸಲ್ಲ" ಅಂತ ಕೂತಿದ್ದೀಯಂತೆ. ನನ್ನ ಮೊಂಡುತನ ಎಲ್ಲಿಂದ ಬಂತು ಅಂತ ಊರೆಲ್ಲ ಕೇಳುತ್ತದೆ, ಈಗ ಕರೆದು ತೋರಿಸಬಹುದು. ಅಮ್ಮಾ, ನಿನ್ನ ಕಣ್ಣಿಗೂ ನನ್ನ ಮನೆಗೂ ಅದಲುಬದಲು ಮಾಡಲು ಬರುವುದಿಲ್ಲ. ನೀನು ಕುರುಡಿಯಾದರೂ ನಾನು ಅಲ್ಲಿಗೆ ಬಂದು ಇರುವುದಿಲ್ಲ. ಈ ಮಾತನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಅತ್ತಿಗೆ, ಇದನ್ನು ಪೂರ್ತಿ ಓದಿ. ನನ್ನನ್ನು ಹೆದರಿಸಿ ಇಟ್ಟುಕೊಂಡರೆ ನಿನ್ನ ಹತ್ತಿರ ಇರುವುದು ನಾನಲ್ಲ, ಎಲ್ಲರಿಗೂ ಚಹಾ ಕೊಡುತ್ತಾ ಹೂಂ ಅನ್ನುವ ಇನ್ಯಾರೋ. ಅವಳನ್ನು ನೀನು ಹೆತ್ತಿಲ್ಲ. ನೀನು ಹೆತ್ತದ್ದು ನನ್ನನ್ನು.

ಅತ್ತಿಗೆಗೆ ನಮಸ್ಕಾರ, ಅಣ್ಣನಿಗೂ ನಮಸ್ಕಾರ, ಸಿಟ್ಟಿನ ಜೊತೆಗೇ. ಮಕ್ಕಳಿಗೆ ಮುದ್ದು. ಅಳಿಯನಿಗೆ ಟೀವಿ ಮೆಲ್ಲಗೆ ಇಡಲು ಹೇಳಿ. ನೀನು ಬಿಸಿನೀರು ಕುಡಿ, ಮಧ್ಯಾಹ್ನ ಸ್ವಲ್ಪ ಕಾಲು ಚಾಚು, ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಇಟ್ಟುಕೋ.

ನಿನ್ನ
ಮೊಂಡಿ

ಮರೆತ ಮಾತು: ಟಪಾಲು ಎತ್ತುವವನು ಬರುವ ಹೊತ್ತಾಯಿತು, ಗೀಚುತ್ತಿದ್ದೇನೆ. ಅತ್ತಿಗೆ ಮತ್ತು ನಾನು ಸೇರಿ ಆಸ್ಪತ್ರೆಯಲ್ಲಿ ಮಾತಾಡಿದ್ದೇವೆ, ನಿನ್ನ ಆಪರೇಷನ್ ಶುಕ್ರವಾರ. ಬೈಯುವುದಿದ್ದರೆ ಇಬ್ಬರಿಗೂ ಸಮ ಹಂಚು. ನಾನು ಗುರುವಾರ ಬರುತ್ತೇನೆ, ನೀನು ಬರಬೇಡ ಅಂದಿದ್ದೀಯ ಅನ್ನುವುದು ಗೊತ್ತಿದ್ದೇ ಬರುತ್ತೇನೆ. ಪಟ್ಟಿ ಬಿಚ್ಚುವವರೆಗೂ ನಿನ್ನ ಮಂಚದ ಪಕ್ಕ ನಾನೇ, ಇನ್ಯಾರೂ ಬೇಡ. ಬಿಚ್ಚಿದ ಮೇಲೆ ನನ್ನ ಮನೆಗೆ ಹೋಗುತ್ತೇನೆ, ಆಗ ಅಳಕೂಡದು, ಹೊಸ ಕಣ್ಣಿಗೆ ಒಳ್ಳೆಯದಲ್ಲ. ಪುಸ್ತಕ ಅಚ್ಚಾಗಿ ಬಂದ ಕೂಡಲೇ ಮೊದಲ ಪ್ರತಿ ನಿನಗೆ. ಯಾರ ಕೈಲೂ ಓದಿಸಿಕೊಳ್ಳಬೇಡ. ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಯಾರು ಕರೆದರೂ ಓಗೊಡದೆ, ನೀನೊಬ್ಬಳೇ ಕೂತು ಓದು.